ಮಾಳ ಗೇಟಿನಿಂದ ಆಚೆ: ಕುದುರೆಮುಖದ ಮೂರು ಸೈಕಲ್ ದಾರಿ, ಹಳೇ ಕಂಡಕ್ಟರನ ಲೆಕ್ಕದಲ್ಲಿ

ನಾನು ಕಾರ್ಕಳ–ಕಳಸ ಲೈನಿನಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ. ಖಾಸಗಿ ಬಸ್ಸು. 1998ರಿಂದ 2009ರವರೆಗೆ. ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ದಿನಾ ಕುದುರೆಮುಖದ ಕಾಡು ದಾಟುತ್ತಿದ್ದೆ. ಆದರೆ ಕಾಡು ನೋಡಿದ್ದೇನೆ ಅಂದರೆ ಸುಳ್ಳಾಗುತ್ತದೆ. ಕಂಡಕ್ಟರನ ಕಣ್ಣು ಬಸ್ಸಿನ ಒಳಗೇ ಇರುತ್ತದೆ. ಟಿಕೆಟ್, ಚಿಲ್ಲರೆ, ಕೋಳಿ ಬುಟ್ಟಿ, ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳು. ಕಿಟಕಿಯಾಚೆ ಏನಿತ್ತು ಅಂತ ಕೇಳಿದರೆ, ಹಸಿರು ಇತ್ತು ಮಾರಾಯ್ರೆ, ಅಷ್ಟೇ.

ಈಗ ಕಾರ್ಕಳದಲ್ಲೇ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಐದು ವರ್ಷದ ಹಿಂದೆ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಅವನ ಗೇರ್ ಸೈಕಲ್ ಮನೆಯಲ್ಲೇ ಬಿಟ್ಟು ಹೋದ. ಆರು ತಿಂಗಳು ಅದರ ಹ್ಯಾಂಡಲ್ ಮೇಲೆ ನನ್ನ ಹೆಂಡತಿ ಒದ್ದೆ ಟವೆಲ್ ಒಣಹಾಕಿದಳು. ಒಂದು ಭಾನುವಾರ ಸುಮ್ನೆ ಬಜಗೋಳಿವರೆಗೆ ಹೋಗಿ ಬರೋಣ ಅಂತ ಹೊರಟೆ. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

ಈಗ ರಜೆ ಬಂದರೆ ಮಂಗಳೂರು, ಉಡುಪಿ, ಬೆಂಗಳೂರಿನ ಹುಡುಗರು ಹೆಲ್ಮೆಟ್ ಹಾಕಿಕೊಂಡು ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ಬಾಳೆಹಣ್ಣು ಕೊಳ್ಳುತ್ತಾರೆ, ದಾರಿ ಕೇಳುತ್ತಾರೆ. ಪ್ರತಿ ಸಲ ಅದನ್ನೇ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ.

ಮೂರು ದಾರಿಗಳಿವೆ. ಮೂರಕ್ಕೂ ಕಾರ್ಕಳವೇ ಶುರು.

ಸುಲಭದ್ದು ಮೊದಲು. ಇದು ಕಾಡಿನ ಒಳಗೆ ಹೋಗುವುದಿಲ್ಲ, ಅದರ ಬುಡದಲ್ಲಿ ಹಾದುಹೋಗುತ್ತದೆ. ಕಾರ್ಕಳ, ಬಜಗೋಳಿ, ಹೊಸ್ಮಾರು, ನಾರಾವಿ, ಅಳದಂಗಡಿ, ಗುರುವಾಯನಕೆರೆ. ಒಂದು ಕಡೆಗೆ ಸುಮಾರು 40 ಕಿ.ಮೀ. ದಾರಿಯುದ್ದಕ್ಕೂ ಪೂರ್ವದಲ್ಲಿ ಘಟ್ಟದ ಗೋಡೆ. ಚಳಿಗಾಲದ ಬೆಳಿಗ್ಗೆ ಆರೂವರೆಗೆ ನಾರಾವಿ ದಾಟುವಾಗ ಬೆಟ್ಟದ ಹಿಂದಿನಿಂದ ಬೆಳಕು ಬರುತ್ತದೆ. ಗುಡ್ಡ ಕಪ್ಪು, ಗದ್ದೆಯ ಮೇಲೆ ಮಂಜು ಬಿಳಿ. ಏರು ಇಳಿತ ಇದೆ, ಆದರೆ ಒಂದೂ ಉಸಿರು ಕಟ್ಟಿಸುವಂಥದ್ದಲ್ಲ. ಅಡಿಕೆ ತೋಟ, ರಬ್ಬರ್ ತೋಟ, ಶಾಲೆಗೆ ಹೋಗುವ ಮಕ್ಕಳು, ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು.

ಗುರುವಾಯನಕೆರೆ ಮುಟ್ಟಿದ ಮೇಲೆ ಕಾಲಲ್ಲಿ ಶಕ್ತಿ ಉಳಿದಿದ್ದರೆ ಬೆಳ್ತಂಗಡಿ ಕಡೆಗೆ ಹೋಗಿ ಗಡಾಯಿಕಲ್ಲು ನೋಡಿ. ಒಂದೇ ಕಲ್ಲಿನ ಗುಡ್ಡ, ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಕೋಟೆ. ತಾಯಿಯ ಹೆಸರಿನಿಂದ ಜಮಾಲಾಬಾದ್ ಅಂತ ಕರೆದ. ಈ ಕಲ್ಲೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ಬರುತ್ತದೆ ಅನ್ನುವುದು ನಮ್ಮೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸೈಕಲ್ ಶೂ ಹಾಕಿಕೊಂಡು ಮೆಟ್ಟಿಲು ಹತ್ತಲು ಹೋಗಬೇಡಿ. ನಾನು ಹೋಗಿ, ಇಳಿಯುವಾಗ ಕೂತುಕೊಂಡೇ ಇಳಿದಿದ್ದೇನೆ.

ಈ ದಾರಿಯ ದೋಷ ಒಂದೇ, ಬಸ್ಸುಗಳು. ನಾನೇ ಬಸ್ಸಿನವನು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಖಾಸಗಿ ಬಸ್ಸಿನ ಡ್ರೈವರಿಗೆ ಹಿಂದಿನ ಬಸ್ಸು ಎರಡು ನಿಮಿಷ ದೂರದಲ್ಲಿದೆ ಅನ್ನುವುದು ಮಾತ್ರ ತಲೆಯಲ್ಲಿರುತ್ತದೆ, ನೀವು ಇರುವುದಿಲ್ಲ. ಉದ್ದ ಹಾರ್ನ್ ಕೇಳಿದರೆ ಯೋಚನೆ ಮಾಡದೆ ಮಣ್ಣಿಗೆ ಇಳಿಯಿರಿ. ಬೆಳಿಗ್ಗೆ ಬೇಗ ಹೊರಟರೆ ಈ ತೊಂದರೆ ಕಡಿಮೆ.

ಇನ್ನು ನಿಜವಾದ ದಾರಿ. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಕುದುರೆಮುಖಕ್ಕೆ. ಹೋಗುವುದಕ್ಕೆ ಸುಮಾರು 50 ಕಿ.ಮೀ., ಬರುವುದಕ್ಕೂ ಅಷ್ಟೇ. ನಾನು ಐದೂವರೆಗೆ ಮನೆ ಬಿಡುತ್ತೇನೆ. ಬಜಗೋಳಿಯಲ್ಲಿ ಸಜ್ಜಿಗೆ ಬಜಿಲ್ ತಿಂದು, ಒಂದು ಬನ್ಸ್ ಕಾಗದದಲ್ಲಿ ಕಟ್ಟಿಸಿಕೊಂಡು, ಚಾ ಕುಡಿದು ಹೊರಡುತ್ತೇನೆ. ಬಂದ ಹುಡುಗರು ಓಟ್ಸ್ ಬಾರು, ಜೆಲ್ಲು ಅಂತೆಲ್ಲ ತರುತ್ತಾರೆ. ತರಲಿ. ಬನ್ಸ್‌ನಲ್ಲೂ ಬಾಳೆಹಣ್ಣೇ ಇರುವುದು, ಹತ್ತಿಪ್ಪತ್ತು ರೂಪಾಯಿಗೆ ಮುಗಿಯುತ್ತದೆ.

ಮಾಳದ ಅರಣ್ಯ ಇಲಾಖೆ ಗೇಟಿನಲ್ಲಿ ಕಾರು ಬೈಕಿನವರಿಗೆ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಆ ಕಡೆಯ ಗೇಟನ್ನು ಇಂತಿಷ್ಟು ಹೊತ್ತಿನೊಳಗೆ ದಾಟಬೇಕು, ನಡುವೆ ಎಲ್ಲೂ ಟೆಂಟು ಹಾಕಿ ಕೂರಬಾರದು ಅಂತ. ಒಳ್ಳೆಯ ನಿಯಮ. ನಾನು ಮೊದಲ ಸಲ ಸೈಕಲ್‌ನಲ್ಲಿ ಹೋದಾಗ ಗಾರ್ಡ್ ಪುಸ್ತಕ ತೆಗೆದು ನನ್ನನ್ನು ನೋಡಿದರು, ಸೈಕಲ್ ನೋಡಿದರು, ಮತ್ತೆ ಪುಸ್ತಕ ನೋಡಿದರು. ಗಾಡಿ ನಂಬರ್ ಬರೆಯುವ ಜಾಗದಲ್ಲಿ 'ಸೈಕಲ್, ನೀಲಿ' ಅಂತ ಬರೆದರು. ಹೊತ್ತು ಎಷ್ಟು ಬರೆಯುವುದು ಅಂತ ನನ್ನನ್ನೇ ಕೇಳಿದರು.

"ನೀವೇ ಹೇಳಿ ಅಣ್ಣ, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ?"

"ಬಸ್ಸಾದರೆ ಹೇಳುತ್ತಿದ್ದೆ. ಇದರಲ್ಲಿ ದೇವರಿಗೇ ಗೊತ್ತು."

ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ನೋಡಿ ಬಿಟ್ಟರು. ನಿಯಮ ಆಗಾಗ ಬದಲಾಗುತ್ತದೆ, ಮಳೆಗಾಲದಲ್ಲಿ ಅಂತೂ ಇನ್ನೂ ಜಾಸ್ತಿ. ಆದ್ದರಿಂದ ಗೇಟಿನಲ್ಲಿ ನಿಂತು ಕೇಳಿ, ಹೆಸರು ಬರೆಸಿಯೇ ಹೋಗಿ. ಕೆಲವರು ಸೈಕಲ್ ತಾನೇ ಅಂತ ಪಕ್ಕದಿಂದ ನುಸುಳುತ್ತಾರೆ. ಒಳಗೆ ಬಿದ್ದು ಕಾಲು ಮುರಿದರೆ ನೀವು ಒಳಗಿದ್ದೀರಿ ಅಂತ ಯಾರಿಗೆ ಗೊತ್ತಾಗಬೇಕು? ಗೇಟು ದಾಟಿದ ಮೇಲೆ ನನ್ನ ಫೋನಿಗೆ ಸಿಗ್ನಲ್ ಬಂದದ್ದು ಕಮ್ಮಿ.

ಗೇಟಿನ ನಂತರವೇ ಏರು. ನಿಜ ಹೇಳಬೇಕೆಂದರೆ ಈ ಘಾಟಿಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಎಲ್ಲರೂ ಆಗುಂಬೆ ಆಗುಂಬೆ ಅನ್ನುತ್ತಾರೆ. ಆಗುಂಬೆಯಲ್ಲಿ ತಿರುವು ಬಂದಾಗ ಸೊಂಟ ಮುರಿಯುವಂತೆ ಏರಿಸಿ, ಆಮೇಲೆ ಸ್ವಲ್ಪ ಸುಮ್ಮನಾಗುತ್ತದೆ. ಮಾಳ ಹಾಗಲ್ಲ. ಇಲ್ಲಿ ಏರು ಒಂದೇ ಸಮ. ಒಂದು ಗೇರ್ ಹಾಕಿ, ಒಂದು ಲಯ ಹಿಡಿದರೆ ಅದು ನಿಮ್ಮನ್ನು ಬಿಡುವುದಿಲ್ಲ, ನೀವೂ ಬಿಡಬಾರದು. ನಮ್ಮ ಡ್ರೈವರ್ ಎರಡನೇ ಗೇರಿಗೆ ಇಳಿಸುತ್ತಿದ್ದ ಜಾಗಗಳು ನನಗೆ ಕಿವಿಯಲ್ಲಿ ನೆನಪಿವೆ. ಎಂಜಿನ್ ಸದ್ದು ಬದಲಾದರೆ ಟಿಕೆಟ್ ಕೊಡುವುದು ನಿಲ್ಲಿಸಿ ಕಂಬಿ ಹಿಡಿಯುತ್ತಿದ್ದೆ. ಈಗ ಅದೇ ಜಾಗ ಬಂದಾಗ ಕೈ ತಾನಾಗಿಯೇ ಗೇರ್ ಬದಲಿಸುತ್ತದೆ. ಹಿಂದಿನ ಗಾಲಿಯ ಗೇರುಗಳಲ್ಲಿ ದೊಡ್ಡದಕ್ಕೆ 34 ಹಲ್ಲು ಇದ್ದರೆ ನನ್ನಂಥ ಐವತ್ತು ಮುಟ್ಟಿದವನೂ ಇಳಿಯದೆ ಹತ್ತಬಹುದು. 28 ಇದ್ದರೆ ತಳ್ಳಬೇಕಾಗುತ್ತದೆ.

ಮರಗಳು ಎರಡೂ ಕಡೆಯಿಂದ ಕೂಡಿಕೊಂಡು ಮೇಲೆ ಚಪ್ಪರ ಹಾಕಿವೆ. ಒಂಬತ್ತು ಗಂಟೆಯಾದರೂ ಬಿಸಿಲು ನೆಲ ಮುಟ್ಟುವುದಿಲ್ಲ. ಎಡಗಡೆ ಎಲ್ಲೋ ನೀರು ಬೀಳುವ ಸದ್ದು ಬರುತ್ತಲೇ ಇರುತ್ತದೆ, ನೀರು ಕಾಣುವುದಿಲ್ಲ. ಒಂದು ಕಪ್ಪು-ನೀಲಿ ಹಕ್ಕಿ ಉಂಟು, ಹಳ್ಳದ ಬದಿಯಲ್ಲಿ ಕೂತು ಮನುಷ್ಯರ ಹಾಗೆ ಸಿಳ್ಳೆ ಹಾಕುತ್ತದೆ. ರಾಗ ಅರ್ಧ ಕಲಿತ ಹುಡುಗ ಸೋಮಾರಿಯಾಗಿ ಸಿಳ್ಳೆ ಹಾಕಿಕೊಂಡು ಹೋದಂತೆ. ಹನ್ನೊಂದು ವರ್ಷ ಈ ದಾರಿಯಲ್ಲಿ ಬಾಯಲ್ಲಿ ಸೀಟಿ ಕಚ್ಚಿಕೊಂಡು ಓಡಾಡಿದ್ದೇನೆ. ಒಂದು ದಿನವೂ ಇದನ್ನು ಕೇಳಿರಲಿಲ್ಲ. ಮೊದಲ ಸಲ ಕೇಳಿದಾಗ ಯಾರೋ ಬಸ್ಸು ನಿಲ್ಲಿಸಲು ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದೆ.

ಪ್ರಾಣಿ ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕೆಂಜಳಿಲು, ಮಂಗಟ್ಟೆ ಹಕ್ಕಿ ಕಂಡಿದ್ದೇನೆ. ಸಿಂಗಳೀಕದ ಗುಂಪು ಎರಡು ಸಲ, ಎರಡೂ ಸಲ ಮರದ ತುದಿಯಲ್ಲಿ. ಈ ಕಾಡು ಉದ್ಯಾನವಾದದ್ದರಲ್ಲಿ ಆ ಸಿಂಗಳೀಕಗಳ ಪಾಲು ದೊಡ್ಡದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಅವುಗಳ ಸಮೀಕ್ಷೆ ಮಾಡಿದರು, 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯಿತು. ಕಾಟಿ, ಅಂದರೆ ಕಾಡುಕೋಣ, ಒಮ್ಮೆ ಎದುರಾಗಿದೆ. ರಸ್ತೆ ನಡುವೆ ನಿಂತಿತ್ತು, ಲಾರಿಯಷ್ಟು ಎದೆ. ಸೈಕಲ್‌ಗೆ ಸದ್ದಿಲ್ಲ, ಅದೇ ಅಪಾಯ. ನಾವು ಬರುವುದು ಅದಕ್ಕೆ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಬೆಲ್ ಹೊಡೆಯಿರಿ. ಎದುರಾದರೆ ಇಳಿದು, ಸೈಕಲ್ ನಿಮ್ಮ ಮತ್ತು ಅದರ ನಡುವೆ ಇಟ್ಟುಕೊಂಡು, ಮೆಲ್ಲಗೆ ಹಿಂದೆ ಸರಿಯಿರಿ. ನಾನು ಇಪ್ಪತ್ತು ನಿಮಿಷ ಕಾದೆ. ಕೊನೆಗೆ ಒಂದು ತರಕಾರಿ ಪಿಕಪ್ ಬಂತು, ಕಾಟಿ ಬೇಸರದಿಂದ ಕಾಡಿಗೆ ಇಳಿಯಿತು. ಫೋಟೋ ತೆಗೆದೆಯಾ ಅಂತ ಮಗ ಕೇಳಿದ. ಕೈ ಹ್ಯಾಂಡಲ್‌ನಿಂದ ಬಿಟ್ಟರೆ ತಾನೇ!

ಏರು ಮುಗಿಯುವಲ್ಲಿ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಬಾರ್ಡರ್ ಅಂತ, ದಕ್ಷಿಣ ಕನ್ನಡ ಜಿಲ್ಲೆಯ ಹಳೇ ಹೆಸರು ಅದು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ಕಾರ್ಕಳ ಉಡುಪಿಗೆ ಸೇರಿತು. ಈಗ ಇಲ್ಲಿ ಸೌತ್ ಕೆನರಾವೂ ಇಲ್ಲ, ಅದರ ಗಡಿಯೂ ಇಲ್ಲ. ಹೆಸರು ಮಾತ್ರ ಟಿಕೆಟ್‌ನಲ್ಲಿ ಉಳಿದುಕೊಂಡಿದೆ. ಇಲ್ಲಿ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಕೆರೆಕಟ್ಟೆ, ಶೃಂಗೇರಿ. ಬಲಕ್ಕೆ ಕುದುರೆಮುಖ, ಕಳಸ. ಎಡಗಡೆ ದಾರಿಗೆ ಮುಂದೆ ತುಂಗೆ ಜೊತೆಯಾಗುತ್ತಾಳೆ, ಬಲಗಡೆಗೆ ಭದ್ರೆ. ಇಬ್ಬರೂ ನೇತ್ರಾವತಿಯೂ ಹುಟ್ಟುವುದು ಇಲ್ಲೇ ಗಂಗಾಮೂಲದಲ್ಲಿ. ನೇತ್ರಾವತಿ ಪಶ್ಚಿಮಕ್ಕೆ ಜಾರಿ ಮಂಗಳೂರಲ್ಲಿ ಕಡಲಿಗೆ ಸೇರುತ್ತಾಳೆ. ತುಂಗೆ-ಭದ್ರೆ ಸುತ್ತಿ ಬಳಸಿ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗುತ್ತಾರೆ.

ಬಲಕ್ಕೆ ತಿರುಗಿದ ಮೇಲಿನ ದಾರಿ ಇದೆಯಲ್ಲ, ಅದಕ್ಕೆ ಇಷ್ಟೆಲ್ಲ ಹತ್ತಿದ್ದು. ಕಾಡು ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಗುಡ್ಡದ ಮೈಯೆಲ್ಲ ಹುಲ್ಲು, ಗುಡ್ಡದ ಮಡಿಕೆಗಳಲ್ಲಿ ಮಾತ್ರ ಕಪ್ಪು ಶೋಲಾ ಕಾಡು. ಬೋಳಿಸಿದ ತಲೆಗೆ ಜುಟ್ಟು ಬಿಟ್ಟ ಹಾಗೆ. ರಸ್ತೆ ಅಲ್ಲಿ ಏರಿ ಇಲ್ಲಿ ಇಳಿದು ಸಾಗುತ್ತದೆ. ಕಡಾಂಬಿ ಜಲಪಾತ ರಸ್ತೆ ಬದಿಯಲ್ಲೇ ಬೀಳುತ್ತದೆ, ಕಾರಿನವರು ಅಲ್ಲಿ ಗುಂಪು ಕಟ್ಟುತ್ತಾರೆ. ಹನುಮನಗುಂಡಿಗೆ ಟಿಕೆಟ್ ತೆಗೆದು ಮೆಟ್ಟಿಲು ಇಳಿಯಬೇಕು. ಸೈಕಲ್ ಮೇಲೆ ಬಿಟ್ಟು ಇಳಿಯುವ ಮನಸ್ಸು ನನಗೆ ಬರಲಿಲ್ಲ. ಇಳಿದ ಮೆಟ್ಟಿಲೆಲ್ಲ ಮತ್ತೆ ಹತ್ತಬೇಕಲ್ವಾ?

ಗಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹುಲ್ಲುಗಾವಲಿನ ಬೋಳು ತಿರುವುಗಳಲ್ಲಿ ಪಕ್ಕದಿಂದ ಬಡಿಯುವ ಗಾಳಿಗೆ ಹಗುರ ಸೈಕಲ್ ಅರ್ಧ ರಸ್ತೆ ಸರಿದುಬಿಡುತ್ತದೆ. ಮಂಜು ಬಂದರೆ ಹತ್ತು ಮಾರು ಮುಂದೆ ಕಾಣುವುದಿಲ್ಲ. ಹಗಲಾದರೂ ಹಿಂದಿನ ಕೆಂಪು ಲೈಟು ಉರಿಯಲಿ.

ಕುದುರೆಮುಖ ಊರು ಬಂದಾಗ ನನಗೆ ಪ್ರತಿ ಸಲವೂ ಒಂದು ಥರ ಆಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಇದು ಗಣಿ ಊರು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಶಾಲೆ, ಆಸ್ಪತ್ರೆ, ಸಾಲು ಕ್ವಾರ್ಟರ್ಸ್. ತಿಂಗಳ ಮೊದಲ ವಾರ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮುಂದಿನ ವರ್ಷವಿಡೀ ಜನ ಸಾಮಾನು ಕಟ್ಟಿಕೊಂಡು ಕೆಳಗಿಳಿದರು. ಬಸ್ಸಿನ ಟಾಪ್ ಮೇಲೆ ಮಂಚ, ಗ್ರೈಂಡರ್, ಒಮ್ಮೆ ಒಂದು ತುಳಸಿ ಕಟ್ಟೆ. ಆಮೇಲೆ ಏಳು ಜನರನ್ನು ಕೂರಿಸಿಕೊಂಡು ಘಾಟಿ ಹತ್ತಿದ ದಿನಗಳೂ ಇವೆ. ನನ್ನ ಕೆಲಸ ಹೋದದ್ದೂ ಆ ಲೆಕ್ಕದಲ್ಲೇ. ಈಗ ಅದೇ ಕ್ವಾರ್ಟರ್ಸ್ ಮುಂದೆ ಸೈಕಲ್ ಒರಗಿಸಿ ಬನ್ಸ್ ತಿನ್ನುತ್ತೇನೆ. ಗೋಡೆ ಮೇಲೆ ಪಾಚಿ, ಅಂಗಳದಲ್ಲಿ ಹುಲ್ಲು. ಕಾಡಿಗೆ ಒಳ್ಳೆಯದೇ ಆಯಿತು ಅಂತ ನನಗೂ ಗೊತ್ತು. ಆದರೂ ಆ ಏಳು ಜನರ ಟ್ರಿಪ್ಪು ಮರೆಯುವುದಿಲ್ಲ.

ಊಟಕ್ಕೆ ಇಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸಿಕ್ಕಿದ್ದು ತಿನ್ನಿ. ಹನ್ನೊಂದಕ್ಕೆ ವಾಪಸ್ ಹೊರಟರೆ ಎರಡೂವರೆಗೆ ಕಾರ್ಕಳ. ಇಳಿಯುವಾಗ ಮಾಳ ಘಾಟಿಯ ನೆರಳಿನ ತಿರುವುಗಳಲ್ಲಿ ಬಿಸಿಲು ಬೀಳದ ಕಡೆ ಹಸಿರು ಪಾಚಿ ಕಟ್ಟಿರುತ್ತದೆ, ಅಕ್ಟೋಬರ್‌ನಲ್ಲೂ ಪೂರ್ತಿ ಹೋಗಿರುವುದಿಲ್ಲ. ಅಂಚಿಗೆ ಹೋಗದೆ ಟೈರಿನ ಗುರುತಿನಲ್ಲೇ ಇಳಿಯಿರಿ. ನನ್ನ ಬಲ ಮೊಣಕೈ ಮೇಲಿರುವ ಕಲೆ ಅದರದ್ದೇ.

ಮೂರನೆಯದು ದೊಡ್ಡ ಸುತ್ತು. ಎಸ್.ಕೆ. ಬಾರ್ಡರಿನಲ್ಲಿ ಎಡಕ್ಕೆ ತಿರುಗಿ ಕೆರೆಕಟ್ಟೆ, ನೆಮ್ಮಾರು, ಶೃಂಗೇರಿ. ಅಲ್ಲಿಂದ ಆಗುಂಬೆ. ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ವರಂಗ, ಕಾರ್ಕಳ. ಒಟ್ಟು ಸುಮಾರು 140 ಕಿ.ಮೀ. ಎರಡು ರಕ್ಷಿತ ಕಾಡು ಒಂದೇ ದಿನದಲ್ಲಿ, ಹೋಗುವಾಗ ಕುದುರೆಮುಖ, ಬರುವಾಗ ಸೋಮೇಶ್ವರ ಅಭಯಾರಣ್ಯ.

ಕೆರೆಕಟ್ಟೆ ದಾರಿ ಹೆದ್ದಾರಿಯೇ, ಆದರೂ ಬೆಳಿಗ್ಗೆ ಗಾಡಿ ಕಡಿಮೆ. ಹೆಚ್ಚು ಕಡಿಮೆ ಇಳಿಜಾರು, ದಟ್ಟ ಕಾಡು, ಆಮೇಲೆ ತುಂಗೆಯ ಪಕ್ಕದಲ್ಲೇ ಸಾಗುವ ರಸ್ತೆ. ಇಲ್ಲೇ ನನಗೆ ಪಂಕ್ಚರ್ ಆಯಿತು. ಪೇಟೆಯ ಒಂದು ಅಂಗಡಿಯವರು ಇದು ಮುಳ್ಳಿಗೂ ಜಗ್ಗುವುದಿಲ್ಲ ಅಂತ ಕೊಟ್ಟ ಟ್ಯೂಬು. ವಾಲ್ವ್ ಬುಡದಲ್ಲೇ ಕಿತ್ತುಬಂತು, ಅದಕ್ಕೆ ಪ್ಯಾಚ್ ಹಾಕಲಿಕ್ಕೂ ಆಗುವುದಿಲ್ಲ. ಬೇರೆ ಟ್ಯೂಬು ಇರಲಿಲ್ಲ, ನನ್ನದೇ ತಪ್ಪು. ನಾಲ್ಕು ಕಿ.ಮೀ. ತಳ್ಳಿದೆ. ನಿಂತರೆ ಉಂಬಳ (ಜಿಗಣೆ) ಹತ್ತುತ್ತದೆ, ನಡೆದರೆ ಶೂ ಕಚ್ಚುತ್ತದೆ. ಅಡಿಕೆ ಮೂಟೆ ಹೊತ್ತ ಜೀಪಿನವರು ಶೃಂಗೇರಿವರೆಗೆ ಹತ್ತಿಸಿಕೊಂಡರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಎರಡು ಟ್ಯೂಬು, ಒಂದು ಪಂಪು ಇಲ್ಲದೆ ಬಜಗೋಳಿಗೂ ಹೋಗುವುದಿಲ್ಲ.

ಶೃಂಗೇರಿಯಲ್ಲಿ ಮಧ್ಯಾಹ್ನದ ಊಟದ ಚಿಂತೆ ಇಲ್ಲ, ಮಠದ ಪ್ರಸಾದ ಉಂಟು. ಒಂದೇ ಸಲಹೆ. ಮೈಗಂಟಿದ ಸೈಕಲ್ ಚಡ್ಡಿಯಲ್ಲಿ ಶಾರದಾಂಬೆಯ ಮುಂದೆ ಹೋಗಿ ನಿಲ್ಲಬೇಡಿ. ಬ್ಯಾಗಿನಲ್ಲಿ ಒಂದು ತೆಳು ಪಂಚೆ ಮಡಚಿ ಇಟ್ಟುಕೊಳ್ಳಿ. ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಮಗಾ, ಪ್ಯಾಂಟು ಹರಿದು ಹೋಯ್ತಾ?" ಅಂತ ಕೇಳಿದ್ದರು. ಮತ್ತೆ, ಅನ್ನ-ಸಾರು-ಪಾಯಸ ಹೊಟ್ಟೆ ತುಂಬ ಉಂಡು ತಕ್ಷಣ ಹೊರಟರೆ ಆಗುಂಬೆವರೆಗಿನ ಸಣ್ಣ ಏರುಗಳೂ ಘಾಟಿಯಾಗುತ್ತವೆ. ಅರ್ಧ ಗಂಟೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ನೋಡಿ.

ಆಗುಂಬೆ ಇಳಿಯುವುದು ನನಗೆ ಇಷ್ಟವಿಲ್ಲ, ಹೇಳಿಬಿಡುತ್ತೇನೆ. 14 ಹಿಮ್ಮುರಿ ತಿರುವು. ರಸ್ತೆ ಇಕ್ಕಟ್ಟು. ಭಾರಿ ವಾಹನ ಬಿಡುವುದಿಲ್ಲ ನಿಜ, ಆದರೆ ಮಿನಿ ಬಸ್ಸಿನವರು ತಿರುವಿನಲ್ಲಿ ಪೂರ್ತಿ ರಸ್ತೆ ತಿನ್ನುತ್ತಾರೆ. ಸೂರ್ಯಾಸ್ತ ನೋಡಲು ಬಂದ ಕಾರುಗಳು, ಅವರು ಎಸೆಯುವ ಚಿಪ್ಸ್‌ಗೆ ಕಾದು ಕೂತ ಮಂಗಗಳು. ಒಂದು ಮಂಗ ನನ್ನ ಹ್ಯಾಂಡಲ್ ಬ್ಯಾಗಿಗೇ ಕೈ ಹಾಕಿದೆ. ರಿಮ್ ಬ್ರೇಕಿನ ಸೈಕಲ್ ಆದರೆ ಒಂದೇ ಸಮನೆ ಹಿಡಿದು ಇಳಿಯಬೇಡಿ, ರಿಮ್ ಕಾದು ಟ್ಯೂಬು ಒಡೆಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ನಡುವೆ ಎರಡು ಸಲ ನಿಂತು ಕೈ ಬೆರಳು ನೀವಿಕೊಳ್ಳಿ. ಇದೇ ಸುತ್ತನ್ನು ತಿರುಗಿಸಿ, ಆಗುಂಬೆ ಹತ್ತಿ ಮಾಳ ಇಳಿದರೆ ಹೇಗೆ ಅಂತ ಕೇಳುವವರಿಗೆ: ಗಟ್ಟಿ ಕಾಲಿದ್ದರೆ ಅದೇ ವಾಸಿ. ನನ್ನ ಕಾಲಿಗೆ ಆಗುವುದಿಲ್ಲ.

ಕೊನೆಯ ಹೆಬ್ರಿ–ಕಾರ್ಕಳ ರಸ್ತೆ ಬೇಸರದ್ದು. ವರಂಗದಲ್ಲಿ ಮಾತ್ರ ನಿಲ್ಲಿ. ಕೆರೆಯ ನಡುವೆ ಬಸದಿ, ಸುತ್ತ ತಾವರೆ ಎಲೆ, ಹಿಂದೆ ಬೆಳಿಗ್ಗೆ ನೀವು ದಾಟಿ ಬಂದ ಘಟ್ಟ.

ಯಾವಾಗ ಬರಬೇಕು ಅಂದರೆ ನವೆಂಬರಿನಿಂದ ಫೆಬ್ರವರಿ. ಮಾರ್ಚ್ ನಂತರ ಕೆಳಗೆ ಬೆವರಿನಲ್ಲೇ ಸ್ನಾನ. ಮಳೆಗಾಲದಲ್ಲಿ ಚಂದ ಅಂತ ಫೋಟೋ ನೋಡಿ ಬರುವವರಿದ್ದಾರೆ. ಚಂದ ಹೌದು. ಆದರೆ ಮರ ಬೀಳುತ್ತದೆ, ಗುಡ್ಡ ಜಾರುತ್ತದೆ, ರಸ್ತೆಯ ಹೊಂಡದಲ್ಲಿ ನೀರು ತುಂಬಿ ಆಳ ಗೊತ್ತಾಗುವುದಿಲ್ಲ. ಜುಲೈಯಲ್ಲಿ ನಾನು ಅಂಗಡಿಯಲ್ಲಿರುತ್ತೇನೆ.

ಒಂದೇ ದಿನ ಇದೆ, ಯಾವುದು ಮಾಡಲಿ ಅಂತ ಕೇಳಿದರೆ, ಎರಡನೆಯದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಊಟಕ್ಕೆ. ದೊಡ್ಡ ಸುತ್ತಿಗೆ ಮೂರೂವರೆ, ಅದೂ ಕೆರೆಕಟ್ಟೆಯ ದೆಸೆಯಿಂದ. ನಾರಾವಿ ದಾರಿಗೆ ನಾಲ್ಕು, ಮನೆಯವರ ಜೊತೆ ಹೋಗುವುದಾದರೆ.

ಇನ್ನು, ಮೇಲೆ ಹತ್ತಿ ಸುಸ್ತಾದರೆ ಹೆದರಬೇಡಿ. ಎಸ್.ಕೆ. ಬಾರ್ಡರಿನಲ್ಲಿ ಬಸ್ಸಿಗೆ ಕೈ ತೋರಿಸಿ, ಜಾಗ ಇದ್ದರೆ ಸೈಕಲ್ ಟಾಪ್ ಮೇಲೆ ಹಾಕಿಸುತ್ತಾರೆ. ಹೋದ ಡಿಸೆಂಬರಿನಲ್ಲಿ ಮಂಡಿ ನೋವಾಗಿ ನಾನೂ ಹಾಗೇ ಇಳಿದೆ. ಕಂಡಕ್ಟರ್ ಹೊಸ ಹುಡುಗ, ನನ್ನ ಪರಿಚಯ ಇಲ್ಲ. ಸೈಕಲ್‌ಗೆ ಅರ್ಧ ಟಿಕೆಟ್ ಹರಿದ. ನಾನಾಗಿದ್ದರೆ ಪೂರ್ತಿ ತೆಗೆದುಕೊಳ್ಳುತ್ತಿದ್ದೆ, ಆದರೆ ಅವನಿಗೆ ಹೇಳಲಿಲ್ಲ.